ನಮ್ಮ ಮನೆ ಬೀಗದ ಆರು ಪಿನ್ನು

ಎವಾಲ್ಡ್ ಆ ಭಾನುವಾರ ಕರೆಗಂಟೆ ಒತ್ತಬಹುದಿತ್ತು. ಈ ಕತೆ ಯಾರಿಗೆ ಹೇಳಿದರೂ ನಾನು ಶುರು ಮಾಡುವುದು ಇಲ್ಲಿಂದಲೇ. ಗಂಟೆ ಬಾಗಿಲ ಪಕ್ಕದಲ್ಲೇ ಇತ್ತು, ಕೆಟ್ಟಿರಲಿಲ್ಲ, ನಾನು ಒಳಗೇ ಇದ್ದೆ. ಒತ್ತಿದ್ದರೆ ಬಂದು ತೆಗೆಯುತ್ತಿದ್ದೆ, ಎರಡು ಮಾತು ಬೈಯುತ್ತಿದ್ದೆ, ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಗಂಡ ಆಗ ಮೂರು ತಿಂಗಳಿನ ಬೀಗಪಂಡಿತ.

ನಾವಿರುವುದು ಫೆಲ್ಬರ್ಟ್‌ನಲ್ಲಿ. ಇಲ್ಲಿ ಅರ್ಧ ಊರಿನ ಹೊಟ್ಟೆ ತುಂಬಿಸಿದ್ದು ಬೀಗದ ಕಾರ್ಖಾನೆಗಳು. ನಾನೂ ಇಪ್ಪತ್ತೆರಡು ವರ್ಷ ಅಂಥದ್ದೊಂದರಲ್ಲಿ ಕೂತು ಎದ್ದವಳು. ಎವಾಲ್ಡ್ ಮಾತ್ರ ಬಸ್ಸಿನವನು. ಈ ಏರು ತಗ್ಗಿನ ಬೀದಿಗಳಲ್ಲಿ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದ. ಆಮೇಲಿನ ಚಳಿಗಾಲವಿಡೀ ಅಡುಗೆಮನೆ ಕಿಟಕಿಗೆ ಅಂಟಿಕೊಂಡು ಕೂತ. ಕೆಳಗೆ ಬಸ್ಸು ಹೋದಾಗಲೆಲ್ಲ ಗಡಿಯಾರ ನೋಡಿ, "ಎರಡು ನಿಮಿಷ ಲೇಟು" ಅನ್ನುತ್ತಿದ್ದ. ದಿನಕ್ಕೆ ಮೂವತ್ತು ಸಲ ಅದನ್ನು ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ಗ್ರಂಥಾಲಯದ ಗೋಡೆಯಲ್ಲಿ 'ಕೀಲಿಯಿಲ್ಲದೆ ಬೀಗ ಬಿಡಿಸುವವರ ಸಂಘ, ಹೊಸಬರಿಗೂ ಸ್ವಾಗತ' ಅಂತ ಚೀಟಿ ಕಂಡಾಗ ಅದನ್ನು ಕಿತ್ತು ತಂದು ಅವನ ತಟ್ಟೆಯ ಪಕ್ಕ ಇಟ್ಟವಳು ನಾನೇ. ಯಾರನ್ನು ದೂರಲಿ?

ಸಂಘ ಗುರುವಾರ ಸಂಜೆ ಸೇರುತ್ತಿತ್ತು, ಮುಚ್ಚಿಹೋದ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ. ಕಲಿಸುವವಳು ಯೋಲಾಂಟ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ಗೋಡೆಯ ಮೇಲೆ ಎರಡೇ ನಿಯಮ: ನಿಮ್ಮದಲ್ಲದ ಬೀಗ ಮುಟ್ಟಬೇಡಿ, ಬಳಕೆಯಲ್ಲಿರುವ ಬೀಗ ನಿಮ್ಮದೇ ಆದರೂ ಮುಟ್ಟಬೇಡಿ, ಕೆಟ್ಟುಹೋಗುತ್ತದೆ. ಎವಾಲ್ಡ್ ಈ ಎರಡನ್ನೂ ಊಟದ ಮೊದಲಿನ ಪ್ರಾರ್ಥನೆಯ ಹಾಗೆ ನನಗೆ ಒಪ್ಪಿಸುತ್ತಿದ್ದ.

ಮೊದಲ ದಿನ ಕೊಟ್ಟದ್ದು ಒಂದೇ ಪಿನ್ನಿನ ಬೀಗ, ಅಂದರೆ ಬೀಗ ತಿರುಗದಂತೆ ಒಳಗೆ ತಡೆಯುವ ಪುಟ್ಟ ಕಡ್ಡಿ ಒಂದೇ. ಅದು ಬಿಡಿಸಿಕೊಳ್ಳಲು ಕಾಯುತ್ತಲೇ ಇರುತ್ತದೆ. ಇವನು ಮನೆಗೆ ಬಂದದ್ದು ನೋಡಬೇಕಿತ್ತು, ಕೋಟು ಕೂಡ ಬಿಚ್ಚಲಿಲ್ಲ.

"ಇರ್ಮಿ, ಕೈಗೆ ಗೊತ್ತಾಗತ್ತೆ ಕಣೇ. ಕಣ್ಣಿಗೆ ಏನೂ ಕಾಣಲ್ಲ, ಆದ್ರೆ ಬೆರಳಿಗೆ ಟಕ್ ಅಂತ ಗೊತ್ತಾಗತ್ತೆ."

"ಸೂಪು ಆರ್ತಿದೆ" ಅಂದೆ ನಾನು.

ಮುಂದಿನ ವಾರ ಎರಡು ಪಿನ್ನು, ಆಮೇಲೆ ಮೂರು. ಒಂದು ಕೈಯಲ್ಲಿ ತಿರುವುಕಡ್ಡಿ, ಅದರಿಂದ ಬೀಗದ ಗುಂಡಿಗೆಯನ್ನು, ಅಂದರೆ ಕೀಲಿ ಹೋಗುವ ಒಳಗಿನ ಉರುಳೆಯನ್ನು, ಒಂಚೂರು ತಿರುವಿ ಹಿಡಿಯಬೇಕು. ಇನ್ನೊಂದು ಕೈಯಲ್ಲಿ ಕೊಕ್ಕೆ, ಅದರಿಂದ ಪಿನ್ನುಗಳನ್ನು ಒಂದೊಂದಾಗಿ ತಳ್ಳಿ ಅದರದರ ಮಟ್ಟಕ್ಕೆ ಕೂರಿಸಬೇಕು. ಇವನದು ಬಸ್ಸಿನ ದೊಡ್ಡ ಚಕ್ರ ತಿರುವಿದ ಕೈ. ತಿರುವುಕಡ್ಡಿಗಳು ಬಾಗಿದವು, ಮುರಿದವು. "ಎವಾಲ್ಡ್, ತಿರುವು ರಸ್ತೆ ಬಂದಿಲ್ಲ, ಸುಮ್ನೆ ಬೆರಳಿಡಿ ಸಾಕು" ಅಂತ ಯೋಲಾಂಟ ರೇಗಿಸುತ್ತಿದ್ದಳಂತೆ. ಅದನ್ನೂ ಇವನು ನಗುತ್ತಾ ಬಂದು ಹೇಳುತ್ತಿದ್ದ. ಈ ಮನುಷ್ಯನಿಗೆ ಇಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ, ನನಗೆ ನೆನಪಿರಲಿಲ್ಲ.

ರಸ್ತೆ ಗುಡಿಸುವ ಗಾಡಿಯ ಪೊರಕೆಯಿಂದ ಉದುರುವ ಉಕ್ಕಿನ ಕಡ್ಡಿಗಳಲ್ಲಿ ಒಳ್ಳೆಯ ಕೊಕ್ಕೆ ಮಾಡಬಹುದಂತೆ. ಹಾಗಾಗಿ ನಮ್ಮ ವಾಯುವಿಹಾರವೆಲ್ಲ ಗುಡಿಸುವ ಗಾಡಿಯ ಹಿಂದೆ ಹಿಂದೆ. ಒಮ್ಮೆ ಊಟದ ಮೇಜಿನ ಮೇಲೇ ಬೀಗ ಬಿಚ್ಚಿದ. ಗುಂಡಿಗೆ ಹೊರಗೆಳೆಯುವಾಗ ಅದರ ಬೆನ್ನಿಗೆ ಒಂದು ಕೋಲು ತೂರಿಸಿಕೊಂಡು ಬರಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗುಗಳು ನೆಗೆಯುತ್ತವೆ. ನೆಗೆದವು. ಒಂದು ನನ್ನ ಬೇಳೆ ಸೂಪಿನಲ್ಲಿ ಸಿಕ್ಕಿತು. ಅದು ಯಾವ ಅಳತೆಯ ಸ್ಪ್ರಿಂಗು ಅಂತ ನನ್ನ ನಾಲಿಗೆಗೇ ಗೊತ್ತಾಯಿತು. ಬಾಯಿಂದ ತೆಗೆದು ತಟ್ಟೆಯ ಅಂಚಿನಲ್ಲಿಟ್ಟೆ, ಏನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂದರೆ, ಅವನು ಕೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ. ಕಾರ್ಖಾನೆಯಲ್ಲಿ ನಾನು ಚಿಮುಟ ಹಿಡಿದು ಬೀಗಗಳಿಗೆ ಪಿನ್ನು ತುಂಬುತ್ತಿದ್ದೆ, ದಿನಕ್ಕೆ ನೂರಾರು ಬೀಗ. ಎವಾಲ್ಡ್ ಮಾತ್ರ ಪರಿಚಯದವರ ಹತ್ತಿರವೆಲ್ಲ "ನಮ್ಮವಳು ಪ್ಯಾಕಿಂಗ್‌ನಲ್ಲಿದ್ಲು" ಅನ್ನುತ್ತಿದ್ದ. ಮೊದಲ ಎರಡು ತಿಂಗಳು ಪ್ಯಾಕಿಂಗ್‌ನಲ್ಲಿದ್ದದ್ದು ನಿಜ. ಆಮೇಲಿನದ್ದು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಇನ್ನು ಆ ಭಾನುವಾರ. ನಾಲ್ಕು ಗಂಟೆಗೆ ಪಕ್ಕದ ಲಾಂಗೆನ್‌ಬೆರ್ಗ್‌ನ ಚರ್ಚಿನಲ್ಲಿ ನಮ್ಮ ಗಾಯನ ಮೇಳದ ಕಾರ್ಯಕ್ರಮವಿತ್ತು. ಮೇಳದಲ್ಲಿ ಹನ್ನೊಂದು ವರ್ಷ ನಾನು ಎರಡನೇ ಸಾಲಿನವಳು, ಕೆಳಗಿನ ದನಿಯವಳು. ನಾವು ಹಾಡಿದರೆ ಯಾರಿಗೂ ಕೇಳುವುದಿಲ್ಲ, ನಿಲ್ಲಿಸಿದರೆ ಏನೋ ಕಮ್ಮಿ ಅನಿಸುತ್ತದೆ, ಅಷ್ಟೆ. ಆ ವರ್ಷ ಮೇಳದ ಗುರುಗಳು ನನಗೆ ಒಬ್ಬಳೇ ಹಾಡಲು ಎಂಟು ಸಾಲು ಕೊಟ್ಟಿದ್ದರು. ಎಂಟೇ ಸಾಲು, ಆದರೆ ಎಂಟೂ ನನ್ನವು. ಗೆಳತಿ ಹಾನೆ ಮೂರು ಗಂಟೆಗೆ ಕಾರು ತರುವವಳಿದ್ದಳು. ಮೂರೂವರೆಗೆ ಅಲ್ಲಿರದವರ ಸಾಲು ಬೇರೆಯವರಿಗೆ, ಅದು ಮೇಳದ ಕಟ್ಟುನಿಟ್ಟು.

ಎರಡೂಕಾಲಿಗೆ ಎವಾಲ್ಡ್ ಕಸದ ಚೀಲ ಹಿಡಿದು ಕೆಳಗೆ ಹೋದ. ಬೀಗದ ಕೈ ಒಳಗೇ ಬಿಟ್ಟ. ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು, ನಮ್ಮಲ್ಲಿ ಹೊರಗಡೆ ತಿರುವುವ ಹಿಡಿ ಇರುವುದಿಲ್ಲ. ವಾಪಸು ಹತ್ತಿ ಬಂದಾಗ ಜೇಬಿನಲ್ಲಿ ಕೊಕ್ಕೆ ಇತ್ತು, ಎದುರಿಗೆ ಬೀಗ ಇತ್ತು, ಗೋಡೆಯ ಮೇಲಿನ ಎರಡನೇ ನಿಯಮ ತಲೆಯಿಂದ ಹಾರಿಹೋಯಿತು. ಒಳಗೆ ನಾನು ಕೂದಲು ಒಣಗಿಸುತ್ತಾ ನನ್ನ ಎಂಟು ಸಾಲು ಹಾಡಿಕೊಳ್ಳುತ್ತಿದ್ದೆ. ಯಂತ್ರ ನಿಲ್ಲಿಸಿದಾಗ ಹೊರಗಿನಿಂದ ಒಂದು ಕೂಗು ಕೇಳಿತು, ಅದರ ಬೆನ್ನಿಗೇ ಒಂದು ನರಳಾಟ.

ಹೋಗಿ ಬಾಗಿಲ ಹಿಡಿ ಒತ್ತಿದೆ. ಬಾಗಿಲು ಬರಲಿಲ್ಲ. ನನ್ನ ಕೀಲಿ ಹಾಕಿದೆ, ಮುಕ್ಕಾಲು ಒಳಗೆ ಹೋಗಿ ನಿಂತಿತು. ಬಾಗಿಲ ನಡುವೆ ಕಾಗದ ಹಾಕುವ ಕಿಂಡಿ ಇದೆ. ಮಂಡಿಯೂರಿ ಅದನ್ನೆತ್ತಿ ನೋಡಿದರೆ ಆಚೆ ಕಡೆ ಎವಾಲ್ಡನ ಬಾಯಿ.

"ಇರ್ಮಿ, ಬಿಡಿಸ್ಬಿಟ್ಟೆ ಕಣೇ. ಇಪ್ಪತ್ತೇ ನಿಮಿಷದಲ್ಲಿ."

"ಬಿಡಿಸಿದ್ರೆ ಬಾಗ್ಲು ಯಾಕೋ ಬರ್ತಿಲ್ಲ?"

"ಅದೇ... ಅರ್ಧ ಸುತ್ತು ಚೆನ್ನಾಗಿ ತಿರುಗ್ತು. ಆಮೇಲೆ ಕಚ್ಕೊಂಡ್ಬಿಡ್ತು."

"ಯಾವ ಕಡೆ ತಿರುಗಿಸ್ದೆ?"

"ಬಲಕ್ಕೆ."

ಬಲಕ್ಕೆ ತಿರುಗಿಸಿದರೆ ನಮ್ಮ ಮನೆಗೆ ಬೀಗ ಬೀಳುತ್ತದೆ. ಇಪ್ಪತ್ತಾರು ವರ್ಷ ಅದೇ ಬಾಗಿಲಲ್ಲಿ ಓಡಾಡಿದವನು, ಸಂಭ್ರಮದಲ್ಲಿ ಎಡ ಬಲ ಮರೆತಿದ್ದ. ಬೀಗದ ನಾಲಿಗೆ ಅರ್ಧ ಹೊರಬಂದು ಚೌಕಟ್ಟಿಗೆ ಸಿಕ್ಕಿಕೊಂಡಿತ್ತು, ಹೊರಗಡೆಯ ಗುಂಡಿಗೆ ಅರ್ಧಕ್ಕೆ ನಿಂತದ್ದರಿಂದ ಒಳಗಿನಿಂದ ನನ್ನ ಕೀಲಿಯೂ ನಡೆಯುವಂತಿರಲಿಲ್ಲ. ಗಂಟೆ ಎರಡು ನಲವತ್ತು. ರಿಪೇರಿಯವನಿಗೆ ಫೋನು ಮಾಡಿದರೆ ಭಾನುವಾರ, ಬರಲು ಒಂದೂವರೆ ತಾಸು ಅಂದ. ನಾವಿರುವುದು ಮೂರನೇ ಮಹಡಿ. ನನ್ನ ಎಂಟು ಸಾಲು ಬೇರೆ ಯಾರದೋ ಬಾಯಲ್ಲಿ ಕೇಳಿದಂತಾಯಿತು. ಅತ್ತುಬಿಡುತ್ತೇನೆ ಅನಿಸಿತು. ಅದರ ಬದಲು ಬೈದೆ, ಬಸ್ಸು, ಕಸದ ಚೀಲ, ಅವನ ತಾಯಿ, ಯಾರನ್ನೂ ಬಿಡಲಿಲ್ಲ.

ಬೈದ ಮೇಲೆ ತಲೆ ತಿಳಿಯಾಯಿತು. "ಕೇಳು ಇಲ್ಲಿ. ಗುಂಡಿಗೆ ತಲೆಕೆಳಗಾಗಿ ನಿಂತಿದೆ. ಒಂದೊಂದು ಪಿನ್ನೂ ಎರಡು ತುಂಡು. ಸ್ಪ್ರಿಂಗ್ ಕಡೆ ತುಂಡುಗಳು ಆರೂ ಈಗ ಕೀಲಿ ಸಂದಿಗೆ ನುಗ್ಗಿವೆ. ಅವನ್ನ ವಾಪಸ್ ತಳ್ಳಿ ಹಿಡ್ಕೊಂಡು ಎಡಕ್ಕೆ ತಿರುಗಿಸ್ಬೇಕು."

"ಒಂದು ತಳ್ಳಿದ್ರೆ ಇನ್ನೊಂದು ಏಳತ್ತೆ ಮಾರಾಯ್ತಿ."

"ಆರನ್ನೂ ಒಟ್ಟಿಗೆ ತಳ್ಬೇಕು. ಮೂರನೇದು, ಐದನೇದು ಹುಷಾರು, ಅವು ಅಣಬೆ ಪಿನ್ನು, ಸೊಂಟದಲ್ಲಿ ಸಣ್ಣ. ಅಂಚಿಗೆ ಸಿಕ್ಕಿಹಾಕ್ಕೊಳ್ತವೆ."

ಕಿಂಡಿಯಲ್ಲಿ ಬಾಯಿ ಹೋಗಿ ಕಣ್ಣು ಬಂತು. "ನಿಂಗೆ ಹ್ಯಾಗೆ ಗೊತ್ತು?"

"ಹಾಕಿದೋಳು ನಾನೇ. ಕೆಲಸ ಬಿಡೋ ವಾರ, ಮನೆಗೆ ಅಂತ ನನ್ನ ಕೈಯಾರೆ ತುಂಬಿದ್ದು. ತಂದ್ಕೊಟ್ಟೆ, ನೀನು ಬಾಗ್ಲಿಗೆ ಹಾಕ್ದೆ."

"ನೀ ಪ್ಯಾಕಿಂಗ್‌ನಲ್ಲಿ..."

"ಎರಡು ತಿಂಗಳು."

"ಹೇಳ್ಲೇ ಇಲ್ವಲ್ಲೇ."

"ಕೇಳ್ಲೇ ಇಲ್ವಲ್ಲೋ."

ನನಗೆ ಆ ಹೊತ್ತಿನಲ್ಲಿ ಅದನ್ನು ಬೆಳೆಸುವ ಪುರುಸೊತ್ತಿರಲಿಲ್ಲ. ಆರನ್ನೂ ಒಟ್ಟಿಗೆ ತಳ್ಳಲು ಉದ್ದಕ್ಕೂ ಚಪ್ಪಟೆಯಾಗಿರುವ ತೆಳ್ಳಗಿನ ಉಕ್ಕು ಬೇಕು. ಅಡುಗೆಮನೆ ಚಾಕು ತೂರಿಸಿ ಕೊಟ್ಟೆ, ದಪ್ಪವಾಯಿತು. ಅಳತೆಪಟ್ಟಿ ಕೊಟ್ಟೆ, ಅಗಲವಾಯಿತು. ಕೆಳಗೆ ಹಾನೆಯ ಕಾರು ಹಾರನ್ ಹೊಡೆಯಿತು. ಮೂರು ಗಂಟೆ.

ಆಗ ನನ್ನ ಕೈ ಸೊಂಟಕ್ಕೆ ಹೋಯಿತು. ಮೇಳದ ಕಪ್ಪು ಉಡುಪು ನನ್ನಮ್ಮನದು, ಹಳೇ ಕಾಲದ ಹೊಲಿಗೆ. ಮೈ ನೆಟ್ಟಗೆ ನಿಲ್ಲಲಿ ಅಂತ ಪಕ್ಕದಲ್ಲಿ ಉಕ್ಕಿನ ಪಟ್ಟಿಗಳನ್ನು ಹೊಲಿದಿರುತ್ತಾರೆ. ಕತ್ತರಿ ತಂದು ಎಡಗಡೆ ಹೊಲಿಗೆ ಬಿಚ್ಚಿ ಒಂದನ್ನು ಎಳೆದೆ. ಬೆರಳಗಲಕ್ಕೂ ಕಡಿಮೆ, ತೆಳ್ಳಗೆ, ಬಳುಕುವ ಉಕ್ಕು. ಕಿಂಡಿಯಲ್ಲಿ ತೂರಿಸಿದೆ.

"ಇದೇನೇ?"

"ನನ್ನ ಸೊಂಟ. ಬೇಗ ಮಾಡು."

ಅವನು ಪಟ್ಟಿಯನ್ನು ಸಂದಿಗೆ ಇಳಿಸುವುದು ನನಗೆ ಕಾಣಿಸಲಿಲ್ಲ, ಕೇಳಿಸಿತು. ಬಾಗಿಲಿಗೆ ಕಿವಿಯಿಟ್ಟು ಎಣಿಸಿದೆ: ಒಂದು, ಎರಡು. ಮೂರನೆಯದು ಸಿಕ್ಕಿಕೊಂಡಿತು.

"ಒತ್ಬೇಡ. ಸಡಿಲ ಬಿಡು, ಇನ್ನೂ ಸಡಿಲ."

"ಬಿಟ್ಟಿದೀನಿ."

"ಇಲ್ಲ, ಬಸ್ಸು ಓಡಿಸ್ತಿದೀಯ. ಬಿಡು."

ಅವನು ಉಸಿರು ಬಿಟ್ಟದ್ದು ಕೇಳಿತು. ಮೂರನೆಯದು ಕೂತಿತು. ನಾಲ್ಕು, ಐದು, ಆರು. ಗುಂಡಿಗೆ ಎಡಕ್ಕೆ ಹೊರಳಿತು, ನಾಲಿಗೆ ಒಳಗೆ ಸರಿಯಿತು, ನಾನು ಹಿಡಿ ಒತ್ತಿದೆ, ಎವಾಲ್ಡ್ ಬಾಗಿಲ ಜೊತೆಗೇ ಒಳಗೆ ಬಿದ್ದ. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಆಮೇಲೆ ಅವನನ್ನು ದಾಟಿಕೊಂಡು ಮೆಟ್ಟಿಲಿಳಿದೆ.

ಕಾರಿನಲ್ಲಿ ಹಾನೆ ತನ್ನ ಕೋಟಿನ ಪಿನ್ನು ತೆಗೆದು ನನ್ನ ಎಡಪಕ್ಕಕ್ಕೆ ಚುಚ್ಚಿದಳು. ಹಿಂದಿನ ಸೀಟಿನಲ್ಲಿ ಎವಾಲ್ಡ್ ಕೂತಿದ್ದ, ಯಾರೂ ಕರೆದಿರಲಿಲ್ಲ. ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಚರ್ಚಿನ ಬಾಗಿಲು ದಾಟಿದಾಗ ಮೂರು ಇಪ್ಪತ್ತೆಂಟು.

ನನ್ನ ಸರದಿ ಬಂದಾಗ ಉಡುಪು ಎಡಕ್ಕೆ ವಾಲಿತ್ತು, ನಾನು ವಾಲಲಿಲ್ಲ. ಮೊದಲ ಸಾಲಿಗೆ ದನಿ ಸ್ವಲ್ಪ ನಡುಗಿತು. ಎರಡನೆಯದಕ್ಕೆ ನಡುಕ ನಿಂತಿತು. ಆಮೇಲೆ ಆ ದೊಡ್ಡ ಕಲ್ಲಿನ ಕೋಣೆಯಲ್ಲಿ ನನ್ನ ದನಿ ಬಿಟ್ಟರೆ ಇನ್ನೇನೂ ಇರಲಿಲ್ಲ, ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಕೊನೆಯ ಬೆಂಚಿನಲ್ಲಿ ಎವಾಲ್ಡ್ ಮುಂದಕ್ಕೆ ಬಾಗಿ ಕೂತಿದ್ದ, ಬಾಗಿಲಿಗೆ ನಾನು ಕಿವಿಯಿಟ್ಟಿದ್ದೆನಲ್ಲ, ಹಾಗೆ.

ಗುರುವಾರ ಅವನು ಸಂಘದಲ್ಲಿ ತಾನಾಗಿಯೇ ತಪ್ಪೊಪ್ಪಿಕೊಂಡ. ಯೋಲಾಂಟ ನಗಲಿಲ್ಲವಂತೆ. ಅವನ ಕೊಕ್ಕೆ, ಕಡ್ಡಿ ಎಲ್ಲ ಒಂದು ತಿಂಗಳು ಕಪಾಟಿಗೆ ಸೇರಿದವು. ಅಷ್ಟರಲ್ಲಿ ನಾನು ಬಾಗಿಲಿಗೆ ಹೊಸ ಬೀಗ ಹಾಕಿ, ಹಳೆಯದನ್ನು ಅವನ ತಟ್ಟೆಯ ಪಕ್ಕ ಇಟ್ಟೆ.

"ಈಗ ಇದು ಯಾವ ಬಾಗ್ಲಲ್ಲೂ ಇಲ್ಲ" ಅಂದೆ.

ತಿಂಗಳಿಡೀ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಕೊಕ್ಕೆ ವಾಪಸು ಬಂದ ಮೇಲೆ ಕಿಟಕಿಯ ಪಕ್ಕ ಕೂತ. ಕೆಳಗೆ ಬಸ್ಸುಗಳು ಹೋದವು, ಬಂದವು, ಅವನು ತಲೆಯೆತ್ತಲಿಲ್ಲ. ಮೂರನೆಯದರಲ್ಲಿ ಮೋಸ ಹೋದ, ಐದನೆಯದರಲ್ಲಿ ಮೋಸ ಹೋದ, ಮತ್ತೆ ಮೊದಲಿಂದ ಹಿಡಿದ. ನಾನು ಒಂದು ಮಾತೂ ಹೇಳಿಕೊಡಲಿಲ್ಲ, ಅವನೂ ಬೇಡ ಅಂದಿದ್ದ. ಒಂಬತ್ತನೇ ದಿನ ಮಧ್ಯಾಹ್ನ ನಾನು ಆಲೂಗಡ್ಡೆ ಹುರಿಯುತ್ತಿದ್ದಾಗ ಬೀಗ ತಿರುಗಿತು. ಈ ಸಲ ಎಡಕ್ಕೆ. ಆ ಸದ್ದು ನನಗೆ ಬೆನ್ನಿಂದಲೇ ತಿಳಿಯಿತು.

ಕೂಗುತ್ತಾನೆ ಅಂತ ಕಾದೆ. ಕೂಗಲಿಲ್ಲ. ತಿರುಗಿ ನೋಡಿದರೆ ಕನ್ನಡಕ ಹಾಕಿಕೊಂಡು, ಬೆನ್ನಿಗೆ ಕೋಲು ತೂರಿಸಿ, ನಿಧಾನವಾಗಿ ಗುಂಡಿಗೆ ಎಳೆಯುತ್ತಿದ್ದ. ಒಂದು ಸ್ಪ್ರಿಂಗೂ ಹಾರಲಿಲ್ಲ. ಬಿಳಿ ಬಟ್ಟೆ ಹಾಸಿ, ನಾನು ತುಂಬಿದ ಹನ್ನೆರಡು ತುಂಡುಗಳನ್ನೂ ನಾನು ತುಂಬಿದ ಸಾಲಿನಲ್ಲೇ ಜೋಡಿಸಿದ. ನನಗೊಂದು ಕುರ್ಚಿ ಎಳೆದ.

"ಮೊದ್ಲು ಯಾವ್ದು ಹಾಕ್ದೆ ಇರ್ಮಿ? ಚಿಮುಟ ಹ್ಯಾಗೆ ಹಿಡೀತಿದ್ರಿ ನೀವೆಲ್ಲ? ಅಲ್ಲಿಂದ ಹೇಳು."

ನಾನು ಒಲೆ ಆರಿಸಿ, ಕೈ ಒರೆಸಿಕೊಂಡು ಕೂತೆ.