ತ್ರೀ ಫೇಸ್ ಕರೆಂಟೂ ಅಕ್ಕನ ತೊಡೆಯೂ

ಮಂಡಿ ಆಪರೇಷನ್ ಆದ ಮೇಲೆ ನಮ್ಮಕ್ಕನ ಬಲಗಾಲು ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು. ಮಲಗಿಕೊಂಡು ಎತ್ತು ಅಂದರೆ ಹಿಮ್ಮಡಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅವಳು ಮಂಡ್ಯ-ಮಳವಳ್ಳಿ ಬಸ್ಸಿನ ಕಂಡಕ್ಟರು. ಆ ಕಾಲು ಮೆಟ್ಟಿಲು ಹತ್ತದಿದ್ದರೆ ಡಿಪೋದಲ್ಲೇ ಕೂರಿಸುತ್ತಾರೆ. ಭಾರತೀನಗರದಲ್ಲಿ ಕಾಲೇಜು ಹುಡುಗರ ನೂಕುನುಗ್ಗಲನ್ನು ತನ್ನ ದಪ್ಪ ಮೈಯಿಂದಲೇ ಸೀಳಿಕೊಂಡು ಟಿಕೆಟ್ ಹರಿಯುತ್ತಿದ್ದವಳಿಗೆ ಕೂತು ಮಾಡುವ ಕೆಲಸವೆಂದರೆ ಜೈಲು.

ಮಂಡ್ಯದಲ್ಲಿ ಫಿಸಿಯೋಥೆರಪಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ತೊಡೆಗೆ ಎರಡು ಪ್ಯಾಡು ಅಂಟಿಸಿ, ಮೆಷಿನ್ನಿನ ಗುಂಡಿ ತಿರುಗಿಸಿದರೆ ಕಾಲೆತ್ತುವ ಸ್ನಾಯು ತಾನಾಗಿ ಬಿಗಿಯಬೇಕು. ಅಕ್ಕನಿಗೆ ಚರ್ಮ ಚುರುಚುರು ಅಂದಿತೇ ಹೊರತು ತೊಡೆ ಅಲುಗಲಿಲ್ಲ.

"ನಿಮ್ಮಲ್ಲಿ ಓಲ್ಟೇಜ್ ಇಲ್ಲ ಕಣಮ್ಮ," ಅಂದಳು ಅಕ್ಕ, ಮೆಷಿನ್ ಹಚ್ಚುತ್ತಿದ್ದ ಹುಡುಗಿಗೆ. "ಸಿಂಗಲ್ ಫೇಸಲ್ಲಿ ಪಂಪ್‌ಸೆಟ್ ಓಡ್ತದಾ? ತ್ರೀ ಫೇಸ್ ಕೊಡೋ ಒತ್ಗೆ ಬತ್ತೀನಿ ಬುಡು."

ತಮಾಷೆ ಅಂದುಕೊಂಡೆ. ಮಾರನೇ ದಿನ ನೋಡಿದರೆ, ಗದ್ದೆಗಳಿಗೆ ತ್ರೀ ಫೇಸ್ ಬಿಡುವ ಹೊತ್ತು ವಿಚಾರಿಸಿಕೊಂಡು ಅದೇ ಹೊತ್ತಿಗೆ ಸೀರೆಯುಟ್ಟು ಕೂತಿದ್ದಳು. ದಾರಿಯುದ್ದಕ್ಕೂ ಬೈದೆ.

ಫಿಸಿಯೋಥೆರಪಿಯ ಹುಡುಗಿ ನಗಲಿಲ್ಲ. "ಕರೆಂಟು ಕಮ್ಮಿ ಇಲ್ಲ ಅಕ್ಕ. ಚರ್ಮಕ್ಕೂ ಸ್ನಾಯುಗೂ ಮಧ್ಯೆ ಕೊಬ್ಬಿನ ಪದರ ಇದೆ. ಅದನ್ನ ದಾಟೋದ್ರೊಳಗೆ ಕರೆಂಟು ಅತ್ತಿತ್ತ ಹರಡಿಹೋಗುತ್ತೆ. ಜಾಸ್ತಿ ಕೊಟ್ರೆ ಮೊದಲು ಉರಿಯೋದು ಚರ್ಮ," ಅಂದಳು. ಅಕ್ಕ ನಂಬಲೆಂದು ನನ್ನ ತೊಡೆಗೂ ಪ್ಯಾಡು ಅಂಟಿಸಿದಳು. ನಾನು ಒಣಕಲು ಕಡ್ಡಿ. ಗುಂಡಿ ಸ್ವಲ್ಪ ತಿರುಗಿದ್ದಕ್ಕೇ ತೊಡೆ ಕಪ್ಪೆಯಂತೆ ಕುಪ್ಪಳಿಸಿತು, ನಾನು ಕಿರುಚಿಬಿಟ್ಟೆ.

ಬೇರೆ ಯಾರಾದರೂ ಆಗಿದ್ದರೆ ಕೊಬ್ಬಿನ ಮಾತಿಗೆ ಮುಖ ಊದಿಸಿಕೊಳ್ಳುತ್ತಿದ್ದರು. ಅಕ್ಕ ತೊಡೆ ತಟ್ಟಿಕೊಂಡಳು. "ತಿಂದಿದ್ದು ಎಲ್ಲಿಗೋಯ್ತದೆ, ಇಲ್ಲೇ ಅದೆ. ಇದನ್ನ ದಾಟ್ಸೋದು ಎಂಗೆ ಯೋಳಮ್ಮ." ನಾಚಿಕೆ ಇಲ್ಲ, ಅಳುಕಿಲ್ಲ. ಅವಳ ಈ ಗುಣ ಕಂಡರೆ ನನಗೆ ಹೊಟ್ಟೆಕಿಚ್ಚೂ ಹೌದು, ಹೆಮ್ಮೆಯೂ ಹೌದು.

ಹುಡುಗಿ ದೊಡ್ಡ ಪ್ಯಾಡು ತಂದು, ಒಂದನ್ನು ಮಂಡಿಯಿಂದ ಸ್ವಲ್ಪ ಮೇಲೆ, ಕೊಬ್ಬು ತೆಳುವಾಗಿರುವ ಒಳಬದಿಗೆ ಸರಿಸಿದಳು. ಕರೆಂಟನ್ನು ನಿಧಾನಕ್ಕೆ ಏರಿಸುತ್ತಾ, ಬಿಗಿದಾಗ ನೀವೂ ಎತ್ತೋಕೆ ನೋಡಬೇಕು ಅಂದಳು. ಅಕ್ಕನ ಹಣೆ ಬೆವರಿತು. ಸಾಕಾ ಅಂದರೆ, "ಇನ್ನೊಂಚೂರು ಕೊಡು." ಕೊನೆಗೆ ಚರ್ಮದಡಿಯಲ್ಲಿ ಏನೋ ಮಿಸುಕಿತು. ಅಷ್ಟಕ್ಕೇ ದಿನವೂ ಹೋದಳು, ಒಂದು ದಿನವೂ ತಪ್ಪಿಸಲಿಲ್ಲ. ನಾನಾಗಿದ್ದರೆ ವಾರಕ್ಕೇ ಕೈಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಪ್ಯಾಡು ಅಂಟಿಸುವ ಮೊದಲೇ, "ತಡಿ, ಇವತ್ತು ನಾನೇ ನೋಡ್ತೀನಿ," ಅಂದಳು. ಹಿಮ್ಮಡಿ ನಡುಗುತ್ತಾ ಮೇಲೆದ್ದಿತು. ನಂಬಿಕೆ ಬಾರದೆ ಅದರಡಿ ಅಂಗೈ ತೂರಿಸಿದೆ. ಎಲ್ಲೂ ತಾಗಲಿಲ್ಲ. ಕೈ ಅಲ್ಲೇ ಬಿಟ್ಟು ಅತ್ತುಬಿಟ್ಟೆ.

"ಕೈ ತೆಗಿಯೇ, ಕಾಲು ಇಳಿಸ್ಬೇಕು," ಅಂದಳು ಅಕ್ಕ. "ಅತ್ತಿದ್ದು ಸಾಕು. ಡಿಪೋಗೆ ಫೋನ್ ಆಕು. ನನ್ ಬಸ್ಸ ಯಾರ್ಗೂ ಕೊಡ್ಬ್ಯಾಡಿ ಅನ್ನು."