ಊರು ಬದಲಿಸುವ ಹಾಡು

ನಮ್ಮ ಮನೆಯಲ್ಲಿ ಯಾರಿಗೂ ಪದವಿ ಸಿಗುವುದಿಲ್ಲ ಎಂದವರು ನನ್ನ ದೊಡ್ಡಪ್ಪ. ನಮ್ಮೂರು ದಾಸನಕೊಪ್ಪದ ಅಂಗಡಿ ಕಟ್ಟೆಯ ಮೇಲೆ, ಎಲ್ಲರೆದುರು ಹೇಳಿದ್ದರು: “ಹತ್ತನೇ ಕ್ಲಾಸ್ ದಾಟಿದವ್ರಿಲ್ಲ ನಮ್ಮನ್ಯಾಗ. ಈಕಿ ಡಿಗ್ರಿ ಮಾಡ್ತಾಳಂತ, ಡಿಗ್ರಿ!”

ಮಾಡಿದೆ. ಆದರೆ ಕೊನೆಯ ವರ್ಷ ಅದು ಕೈತಪ್ಪುವುದರಲ್ಲಿತ್ತು. ಕಾರಣ ಅಜ್ಜಿ.

ಬ್ರಿಟಿಷರ ಕಾಲದಲ್ಲಿ ಈ ಕಾಡುಗಳಲ್ಲಿ ಒಬ್ಬ ಬಂಡುಕೋರನಿದ್ದ. ಸೌದೆ ತಂದವರಿಗೆ ದಂಡ ಹಾಕುವ ಗಾರ್ಡುಗಳನ್ನು ಓಡಿಸಿದ, ಸರ್ಕಾರದ ಭತ್ತದ ಗಾಡಿ ತಡೆದು ಹಸಿದವರಿಗೆ ಹಂಚಿದ, ಕೊನೆಗೆ ಗಲ್ಲಿಗೇರಿದ. ಸರ್ಕಾರಕ್ಕೆ ದರೋಡೆಕೋರ, ಭತ್ತ ನಾಟಿ ಮಾಡುವಾಗಿನ ನಮ್ಮ ಹಾಡಿನಲ್ಲಿ ದೊರೆ. ಅಜ್ಜಿಗೆ ಗೊತ್ತಿದ್ದ ಆ ಹಾಡೇ ನನ್ನ ಪ್ರಾಜೆಕ್ಟ್. ಅದು ಒಪ್ಪಿಗೆಯಾಗದಿದ್ದರೆ ಪದವಿಯಿಲ್ಲ.

ರೆಕಾರ್ಡ್ ಮಾಡಲು ಮೊಬೈಲ್ ಇಟ್ಟೆ. ಅಜ್ಜಿ ಅದನ್ನೇ ನೋಡಿದಳು.

“ಇದು ಎಲ್ಲಿಗೆ ಹೋಗ್ತೈತಿ?”

“ಕಾಲೇಜಿಗೆ.”

“ಅಲ್ಲಿಂದ?”

ನನಗೆ ಗೊತ್ತಿರಲಿಲ್ಲ. ಅವಳು ಹಾಡಿದಳು: ದೊರೆ ಅಡಗಿದ್ದು ತ್ಯಾಗಲಿ ಊರಿನ ಗವಿಯಲ್ಲಿ.

ಪ್ರಾಜೆಕ್ಟ್ ನೋಡುವ ಸರ್ ಜೊತೆ ತ್ಯಾಗಲಿಗೆ ಹೋದೆ. ಅಲ್ಲಿನ ಹಿರಿಯರೊಬ್ಬರು ಗವಿಯೇ ಇಲ್ಲವೆಂದು ನಕ್ಕರು. “ಗವಿನಾ? ಎಂತ ಗವಿನೂ ಇಲ್ಲೆ ಇಲ್ಲಿ. ನಿಂಗಕ್ಕೆ ಯಾರು ಹೇಳಿದ್ದು?”

ವಾಪಸ್ ಬರುವಾಗ ಬಸ್ಸಿನಲ್ಲಿ ಸರ್ ಕೇಳಿದರು: “ಹಾಡು ನೀನೇ ಕಟ್ಟಿದ್ದಾ? ನಿಜ ಹೇಳು.”

ಮನೆಗೆ ಬಂದವಳೇ ಅಜ್ಜಿಯ ಮೇಲೆ ಹರಿಹಾಯ್ದೆ. “ಯಾಕ ಸುಳ್ಳು ಹಾಡಿದಿ?”

“ಬರಕೊಳ್ಳಾವ್ರ ಮುಂದ ಖರೇ ಊರು ಹೇಳಂಗಿಲ್ಲ. ಹಾಡು ಕೇಳಾಕ ಬಂದಾವನೊಬ್ಬ ದೊರೀನ್ನ ಹಿಡಿಸಿಕೊಟ್ಟ. ಅವತ್ತಿಂದ ಊರು ಬದಲಿ ಮಾಡಿ ಹಾಡೂದು ನಮ್ಮ ಪದ್ಧತಿ.”

“ನಾ ನಿನ್ನ ಮೊಮ್ಮಗಳಲ್ಲೇನಬೇ?”

“ನೀ ಹೌದು. ನಿಮ್ಮ ಸರ್ ಯಾರ ಮೊಮ್ಮಗ?”

ಇದನ್ನು ಹೇಳಿದರೂ ಸರ್ ನಂಬಲಿಲ್ಲ. ಪರೀಕ್ಷಿಸಲೆಂದೇ ಮನೆಗೆ ಬಂದರು. ಅಜ್ಜಿ ಚಹಾ ಕೊಟ್ಟು, “ಕುಂದರ್ರಿ” ಎಂದು ಅವರ ಜೇಬಿನ ಪೆನ್ನನ್ನೇ ನೋಡುತ್ತ ಅದೇ ಹಾಡು ಹಾಡಿದಳು. ಈ ಸಲ ದೊರೆ ಯಲ್ಲಾಪುರದ ಕಾಡಿನಲ್ಲಿದ್ದ. ಸರ್ ಜೋರಾಗಿ ನಕ್ಕುಬಿಟ್ಟರು. “ಊರು ಬದಲಾಗುವುದನ್ನೇ ಬರಿ,” ಎಂದರು. ಬರೆದೆ, ಪಾಸಾದೆ.

ಸರ್ ಹೋದ ಮೇಲೆ ಅಜ್ಜಿ ನನ್ನ ಮೊಬೈಲನ್ನು ಹೊರಗೆ ಇಡಿಸಿ, ನಿಜವಾದ ಊರು ಹೇಳಿದಳು. ಅದನ್ನು ನಾನು ಎಲ್ಲಿಯೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಪದವಿ ಪ್ರಮಾಣಪತ್ರ ಬಂದ ದಿನ ದೊಡ್ಡಪ್ಪನೆದುರೇ ಅಜ್ಜಿಯ ಕೈಗೆ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ, ಮುದ್ರೆಯ ಮೇಲೆ ಬೆರಳಾಡಿಸಿದಳು.

“ಭಾಳ ಚಲೋ ಮಾಡಿದಿ ತಂಗಿ. ಆದ್ರ ಸರ್ಕಾರದವ್ರು ಇಷ್ಟು ಚಂದ ಕಾಗದ ಸುಮ್ನ ಕೊಡಂಗಿಲ್ಲ. ಖರೇ ಹೇಳು, ಅವ್ರಿಗೆ ಯಾವ ಊರು ಹೇಳಿ ಬಂದಿ?”