ಚಿಕ್ಕ ಯಜಮಾನನ ಕೈ

ತಕ್ಕಡಿ ರಿಪೇರಿ ಅಂಗಡಿಯ ಚಿಕ್ಕ ಯಜಮಾನನಿಗೆ ಮಾತು ಬರುತ್ತಿತ್ತು, ಕೆಲಸ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಷ್ಟನ್ನು ಬಾಯಿಬಿಟ್ಟು ಹೇಳಲು ಅವನು ಹದಿನೇಳು ವರ್ಷ ತೆಗೆದುಕೊಂಡ, ನಾವೂ ಅಷ್ಟು ಕಾಲ ಕಾಯುವುದು ಬೇಡ.

ಹಾಗಂತ ಅವನೇನು ಸೋಮಾರಿಯಲ್ಲ. ಅವನ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಗೊತ್ತಾಗುತ್ತಿರಲಿಲ್ಲ, ಚಿಮುಟ ಹಿಡಿದರೆ ಗೊತ್ತಾಗುತ್ತಿತ್ತು. ಸಾಸಿವೆ ಕಾಳಿನಷ್ಟು ಸಣ್ಣ ತಿರುಪು ಕೂರಿಸುವಾಗ ಬೆರಳು ಒಂದು ಸಲ ಅದುರಿದರೂ ಮುಗಿಯಿತು. ಬೇರೆ ಮನೆಯಲ್ಲಿ ಹುಟ್ಟಿದ್ದರೆ ಬಟ್ಟೆ ಅಂಗಡಿಯಲ್ಲಿ ನಿಂತು, ಬಂದವರನ್ನೆಲ್ಲ ನಗಿಸಿ, ಥಾನುಗಟ್ಟಲೆ ಬಟ್ಟೆ ಮಾರಿ ಸುಖವಾಗಿರುತ್ತಿದ್ದ. ಹುಟ್ಟಿದ್ದು ತಕ್ಕಡಿಯವರ ಮನೆಯಲ್ಲಿ. ಅವನಿನ್ನೂ ತೊಟ್ಟಿಲಲ್ಲಿದ್ದಾಗಲೇ ಅಪ್ಪ ಆ ಪುಟ್ಟ ಬೆರಳುಗಳನ್ನು ಬಿಡಿಸಿ ನೋಡಿ, "ನನ್ನ ಕೈಯೇ ಬಂದಿದೆ ನನ್ನ ಮಗನಿಗೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದರಂತೆ. ಅಪ್ಪ ಅಂದಮೇಲೆ ಆಯಿತು. ಆ ಕೈಯನ್ನು ಕೇಳಿದವರು ಯಾರು?

ಅಂಗಡಿಯ ಮುಂದಿನ ಕೋಣೆ ಬೀದಿಗೆ ತೆರೆದಿತ್ತು. ಅದರ ಹಿಂದೆ ಕೆಲಸದ ಕೋಣೆ, ಎರಡರ ನಡುವೆ ದಪ್ಪನೆಯ ಹಸಿರು ಪರದೆ. ಆ ಪರದೆಗೆ ಒಂದು ಕಟ್ಟಳೆ ಇತ್ತು. ಮಗನ ಮದುವೆಯಾದ ವಾರದಲ್ಲಿ ಅಪ್ಪ ಹತಾರದ ಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸುವುದು, ಅಲ್ಲಿಯವರೆಗೆ ಮಗ ಹತಾರ ಮುಟ್ಟದೆ ನೋಡಿಯೇ ಕಲಿಯುವುದು, ಒಪ್ಪಿಸಿದ ಮೇಲೆ ಅಪ್ಪ ಎಂದೂ ಪರದೆ ದಾಟದಿರುವುದು. ಕೆಲಸ ಒಪ್ಪಿಸಿದ ಕೈಯನ್ನು ಇಣುಕಿ ನೋಡಬಾರದು ಎಂದು ಮುತ್ತಾತ ಮಾಡಿದ್ದ ನಿಯಮ. ಅಪ್ಪ, ಅಂದರೆ ದೊಡ್ಡ ಯಜಮಾನರು, ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು, "ನನ್ನ ಮಗ ಕೈಯಿಟ್ಟರೆ ಸತ್ತ ತಕ್ಕಡಿಯೂ ಎದ್ದು ಕೂರುತ್ತೆ" ಎಂದು ಗಿರಾಕಿಗಳ ಮುಂದೆ ಮೀಸೆ ತಿರುವಿಕೊಂಡು ಕೂತರು.

ಪರದೆಯ ಹಿಂದೆ ಕೆಲಸ ಮಾಡುತ್ತಿದ್ದವಳು ಸೊಸೆ.

ಮದುವೆಯಾಗಿ ಎರಡು ತಿಂಗಳಿಗೆ ಶುರುವಾದದ್ದು. ಚಿನ್ನದ ಅಂಗಡಿಯ ತಕ್ಕಡಿಯೊಂದನ್ನು ಬಿಚ್ಚಿ, ಜೋಡಿಸಲಾಗದೆ, ಗಂಡ ಕೂತಲ್ಲೇ ಬೆವರುತ್ತಿದ್ದ. ಕಾಫಿ ತಂದವಳು ಮನೆ ಕಡೆಯ ಬಾಗಿಲಲ್ಲೇ ನಿಂತು ನೋಡಿ, "ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಕೂತಿದೀರಿ" ಎಂದಳು. ತವರಿನಲ್ಲಿ ಮಣಿ ಪೋಣಿಸಿ ಬೆಳೆದವಳು. ಕಾಫಿ ಆರುವಷ್ಟರಲ್ಲಿ ತಕ್ಕಡಿ ಜೋಡಿಸಿಟ್ಟಳು. ಆವತ್ತು ಅವನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬೀಳಲಿಲ್ಲ. ತಕ್ಕಡಿಯನ್ನು ಎತ್ತಿಕೊಂಡು ಹೋಗಿ ಮುಂದಿನ ಕೋಣೆಯಲ್ಲಿಟ್ಟು, "ಆಯ್ತಪ್ಪ" ಎಂದ.

ಅದೇ ಖಾಯಂ ಆಗಿಹೋಯಿತು ನೋಡಿ, ಹದಿನೇಳು ವರ್ಷ. ಮುಂದೆ ಅವನ ಮಾತು, ಹಿಂದೆ ಅವಳ ಕೆಲಸ. ಬಳೆಯ ಸದ್ದು ಮುಂದಕ್ಕೆ ಕೇಳಬಾರದೆಂದು ಅವಳು ಮಣಿಕಟ್ಟಿಗೆ ಕರವಸ್ತ್ರ ಸುತ್ತಿಕೊಂಡು ಕೂರುತ್ತಿದ್ದಳು. ಬೆರಳ ಸಂದಿಯ ಕಪ್ಪನ್ನು ಯಾರಾದರೂ ಕೇಳಿದರೆ ಪಾತ್ರೆ ತಿಕ್ಕಿದ್ದು ಎನ್ನುತ್ತಿದ್ದಳು. ರಿಪೇರಿ ಕಾರ್ಡಿನ ಮೇಲೆ ಗಂಡನ ಸಹಿಯನ್ನೂ ಅವಳೇ ಹಾಕುತ್ತಿದ್ದಳು, ಅವನು ಹಾಕಿದರೆ ಗೆರೆ ಅಲೆ ಅಲೆಯಾಗುತ್ತದೆ ಎಂದು. ಗಂಡ ಅವಳನ್ನು "ಇವಳೇ" ಎಂದು ಕರೆಯುತ್ತಿದ್ದ, ಮಾವ "ಅಮ್ಮಾ" ಎನ್ನುತ್ತಿದ್ದರು. ಆ ಮನೆಯಲ್ಲಿ ಅವಳ ಹೆಸರಿಗೆ ಕೆಲಸವೇ ಇರಲಿಲ್ಲ.

ಹೀಗಿರುವಾಗ ಒಂದು ದಿನ ಮಕ್ಕಳ ಆಸ್ಪತ್ರೆಯಿಂದ ಫೋನ್ ಬಂತು. ಔಷಧ ತಯಾರಿಸುವ ಕೋಣೆಯ ಮೇಡಂ. "ತಕ್ಕಡಿ ಮುಳ್ಳು ಎಡಕ್ಕೆ ಎಳೀತಿದೆ. ನಮ್ಮ ಹೊಸ ಮೆಷಿನ್‌ಗಳನ್ನೆಲ್ಲ ಸರಿ ನೋಡೋದೇ ಇದರಿಂದ. ಈಗ ಅದನ್ನ ಗೋಡೆಗೆ ಚಾಚಿದ ಕಲ್ಲಿನ ಮೇಲೆ ಭದ್ರವಾಗಿ ಕೂರಿಸಿಬಿಟ್ಟಿದೀವಿ, ಈ ಸಲ ಬಿಚ್ಚಿ ಕಳಿಸೋಕಾಗಲ್ಲ. ನೀವೇ ಬರಬೇಕು."

ಇಂಥ ಕರೆಗೆ ಅವನ ಹತ್ತಿರ ಒಂದು ಸಿದ್ಧ ಉತ್ತರವಿತ್ತು: ಹೊರಗೆ ಹೋಗಿ ಕೆಲಸ ಮಾಡುವುದು ನಮ್ಮ ಮನೆತನದಲ್ಲಿ ಇಲ್ಲ. ಆದರೆ ಫೋನು ದೊಡ್ಡ ದನಿಯದು, ಪಕ್ಕದಲ್ಲಿ ಅಪ್ಪ. ಅವರ ಕಣ್ಣು ಮಂದವಾಗಿ ಆರೇಳು ವರ್ಷವಾಗಿತ್ತು, ಕಿವಿ ಮಾತ್ರ ಸೂಜಿ ಬಿದ್ದರೂ ಬಿಡುತ್ತಿರಲಿಲ್ಲ.

"ಮಕ್ಕಳ ಆಸ್ಪತ್ರೆಯವರು ಕರೆದ್ರೆ ಯೋಚನೆ ಮಾಡ್ತೀಯೇನೋ? ಹೋಗ್ತೀನಿ ಅನ್ನು."

"ನಾಳೆ ಹತ್ತು ಗಂಟೆಗೆ ಬರ್ತೀನಿ ಮೇಡಂ," ಎಂದ ಮಗ. ಅಷ್ಟಕ್ಕೇ ನಿಲ್ಲಿಸಬಹುದಿತ್ತಲ್ಲ? ಹಾಳು ನಾಲಿಗೆ. "ನನ್ನ ಕೈಗೆ ಅದು ಅರ್ಧ ಗಂಟೆ ಕೆಲಸ."

ಫೋನ್ ಇಟ್ಟ ಮೇಲೆ ಅಪ್ಪ ಬೊಚ್ಚು ಬಾಯಿ ತೆರೆದು ನಕ್ಕರು. "ನಾನೂ ಬರ್ತೀನಿ ಕಣೋ. ಪರದೆ ದಾಟಬಾರದು ನಿಜ. ಆಸ್ಪತ್ರೇಲಿ ಪರದೆ ಎಲ್ಲಿದೆ? ಸಾಯೋ ಮುಂಚೆ ಒಂದ್ಸಲ ನಿನ್ನ ಕೆಲಸ ನೋಡಬೇಕು. ಕಣ್ಣಿಗೆ ಕಾಣದಿದ್ರೂ ಪಕ್ಕದಲ್ಲಿ ಕೂತಿರ್ತೀನಿ."

ಮಗ ಇಟ್ಟ ಫೋನನ್ನು ಮತ್ತೊಮ್ಮೆ ಎತ್ತಿ ಇಟ್ಟ.

ಮಧ್ಯಾಹ್ನ ಅಪ್ಪ ಮಲಗಿದಾಗ ಅವನು ಪರದೆ ಸರಿಸಿ ಒಳಗೆ ಹೋದ. ಅವಳು ಸಣ್ಣ ಅರದಿಂದ ಕೊಕ್ಕೆಯೊಂದನ್ನು ಉಜ್ಜುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ಅರ್ಧ ಗಂಟೆ ಅಂದ್ರಂತೆ?"

"ಅಪ್ಪ ಪಕ್ಕದಲ್ಲೇ ಇದ್ರು ಕಣೇ. ಏನ್ಮಾಡ್ಲಿ?"

"ಅಪ್ಪ ಪಕ್ಕದಲ್ಲಿ ಇಲ್ಲದೇ ಇದ್ದದ್ದು ಯಾವಾಗ?"

ಅವನು ದನಿ ತಗ್ಗಿಸಿದ. "ನೋಡು, ನೀನು ಪೆಟ್ಟಿಗೆ ಹಿಡ್ಕೊಂಡು ಬಂದ ಹಾಗೆ ಬಾ. ಅಪ್ಪನಿಗೆ ಕಣ್ಣು ಕಾಣಲ್ಲ. ಮೇಡಂನ ಮಾತಾಡಿಸ್ತಾ ನಾನು ಆಚೆ ಕರ್ಕೊಂಡು ಹೋಗ್ತೀನಿ. ಅಷ್ಟರಲ್ಲಿ ನೀನು ಮುಗಿಸಿಬಿಡು."

"ಕಳ್ಳರ ಥರ ಕೆಲಸ ಮಾಡೋಕೆ ನನ್ನ ಕೈಲಾಗಲ್ಲ."

"ಇಷ್ಟು ವರ್ಷ ಮಾಡಿಲ್ವಾ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಅರವನ್ನು ಕೆಳಗಿಟ್ಟಳು. "ಮಾಡಿದೀನಿ. ಅದಕ್ಕೇ ಹೇಳ್ತಿರೋದು. ಕೆಲಸ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ ರೀ, ಕೆಲಸ ಅಂದ್ರೆ ನನಗೆ ಪ್ರಾಣ. ನೀವು ಆಚೆ ಕೂತು ನನ್ನ ಕೈ, ನನ್ನ ಕೈ ಅಂತ ಆ ಕೈಯನ್ನ ಎತ್ತಿ ತೋರಿಸ್ತೀರಲ್ಲ, ಅದನ್ನ ಪರದೆ ಸಂದೀಲಿ ನೋಡ್ದಾಗೆಲ್ಲ ಹೊಟ್ಟೆ ಉರಿಯುತ್ತೆ."

ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬರ್ತೀನಿ," ಎಂದಳು ಅವಳು. "ಮಕ್ಕಳ ಔಷಧಿ ತೂಗೋದು ಅದರ ನಂಬಿಕೆ ಮೇಲೆ, ಅದಕ್ಕೋಸ್ಕರ ಬರ್ತೀನಿ. ಆದ್ರೆ ನಾನಾಗಿ ಮುಂದೆ ಬರಲ್ಲ. ನೀವು ಕರೀಬೇಕು. ಮಾವನ ಎದುರಿಗೆ, ಬಾಯಿಬಿಟ್ಟು. ಕರೀದಿದ್ರೆ ಗೋಡೆ ಪಕ್ಕ ಪೆಟ್ಟಿಗೆ ಹಿಡ್ಕೊಂಡು ನಿಂತಿರ್ತೀನಿ. ಒಂದು ಮಾತು ನೆನಪಿಟ್ಕೊಳ್ಳಿ. ದಂಡದ ನಡುವೆ ಕಲ್ಲಿನ ಅಲಗಿದೆಯಲ್ಲ, ದಂಡ ತೂಗಾಡೋದೇ ಅದರ ಮೇಲೆ, ಅದರ ಅಂಚು ಒಂದು ಚೂರು ಸಿಡಿದ್ರೂ ಆ ತಕ್ಕಡಿ ಮುಗೀತು. ಅಂಥದ್ದು ಈಗ ಎಲ್ಲೂ ಸಿಗಲ್ಲ."

ಮರುದಿನ ಮೂವರೂ ಹೊರಟರು. ದೊಡ್ಡ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗನ ಭುಜದ ಮೇಲೆ ಕೈಯಿಟ್ಟು ನಡೆದರು. ಹಿಂದೆ ಪೆಟ್ಟಿಗೆ ಹೊತ್ತ ಸೊಸೆ. ಆಸ್ಪತ್ರೆಯ ಕಾವಲಿನವನಿಂದ ಹಿಡಿದು ಲಿಫ್ಟಿನವನವರೆಗೆ ಸಿಕ್ಕಸಿಕ್ಕವರಿಗೆಲ್ಲ, "ನನ್ನ ಮಗ, ತಕ್ಕಡಿ ಸರಿ ಮಾಡೋಕೆ ಬಂದಿದಾನೆ" ಎಂದು ಹೇಳಿಕೊಂಡೇ ಬಂದರು. ಒಂದೊಂದು ಸಲ ಹೇಳಿದಾಗಲೂ ಮಗನ ಬಾಯಿ ಇನ್ನಷ್ಟು ಒಣಗಿತು.

ಔಷಧದ ಕೋಣೆ ಚಿಕ್ಕದು. ಬಿಳಿ ಗೋಡೆ, ಕಣ್ಣು ಕುಕ್ಕುವ ಟ್ಯೂಬ್‌ಲೈಟು, ಗೋಡೆಯಿಂದ ಚಾಚಿದ ಕಪ್ಪು ಕಲ್ಲಿನ ಮೇಲೆ ಗಾಜಿನ ಗೂಡು, ಅದರೊಳಗೆ ಹಿತ್ತಾಳೆಯ ತಕ್ಕಡಿ. ಅಪ್ಪನಿಗೆ ಒಂದು ಸ್ಟೂಲು ಕೊಟ್ಟರು. ಅವಳು ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಹೇಳಿದ ಹಾಗೆಯೇ ಗೋಡೆಗೆ ಒತ್ತಿ ನಿಂತಳು. ಮೇಡಂ ಎದೆಯ ಮೇಲೆ ಕೈಕಟ್ಟಿಕೊಂಡು ಬಾಗಿಲ ಬಳಿ ನಿಂತರು.

"ಮೇಡಂ, ಹಳೇ ರಿಪೇರಿ ಕಾರ್ಡುಗಳು ಆಫೀಸಲ್ಲಿ ಇರುತ್ತಲ್ಲ, ಒಂದು ನಿಮಿಷ ಹೋಗಿ ನೋಡೋಣವಾ?"

"ಇಲ್ಲೇ ತಂದಿಟ್ಟಿದೀನಿ," ಎಂದು ಮೇಡಂ ಕೋಟಿನ ಜೇಬಿನಿಂದ ತೆಗೆದು ಕೊಟ್ಟರು. "ನಿಮ್ಮ ಸಹಿ ಎಷ್ಟು ಚೆನ್ನಾಗಿದೆ ರೀ, ಒಂದಕ್ಕೊಂದು ಅಚ್ಚು ಹಾಕಿದ ಹಾಗಿದೆ."

"ಕೈ ಹಾಗಿದೆ ಮೇಡಂ," ಎಂದರು ಅಪ್ಪ ಸ್ಟೂಲಿನಿಂದ.

"ಟೀ ಗೀ ಏನಾದ್ರೂ..." ಎಂದು ಮಗ ಇನ್ನೊಂದು ದಾರಿ ಹುಡುಕಿದ.

"ಕೆಲಸ ಆಗಲಿ. ಅಲ್ಲೀವರೆಗೆ ನಾನು ಈ ಕೋಣೆ ಬಿಡೋ ಹಾಗಿಲ್ಲ."

ಇನ್ನು ದಾರಿಯಿರಲಿಲ್ಲ. ಅವನು ಗಾಜಿನ ಬಾಗಿಲನ್ನು ಮೇಲೆತ್ತಿದ. ಚಿಮುಟ ಹಿಡಿದು ಕೈಯನ್ನು ಒಳಗೆ ಹಾಕಿದ. ಚಿಮುಟದ ತುದಿ ಗಾಜಿಗೆ ತಾಗಿ ಟಿಕ್ ಟಿಕ್ ಟಿಕ್ ಎಂದಿತು.

"ಏನೋ ಅದು ಸದ್ದು?"

"ಏನಿಲ್ಲಪ್ಪ. ಗಾಜು ಒರೆಸ್ತಿದೀನಿ."

ಹೆಂಡತಿಯ ಕಡೆ ನೋಡಿದ. ಅವಳು ಅವನ ಮುಖ ನೋಡಲಿಲ್ಲ, ಚಿಮುಟದ ತುದಿಯನ್ನೇ ನೋಡುತ್ತಿದ್ದಳು. ಇನ್ನು ತಟ್ಟೆಗಳನ್ನು ಕಳಚಿ ದಂಡವನ್ನು ಎತ್ತಬೇಕು. ಎತ್ತುವಾಗ ಅಲಗು ಪಕ್ಕಕ್ಕೆ ಬಡಿಯಬಾರದು. ಒಂದು ತಟ್ಟೆ ಕಳಚಿದ. ಎರಡನೆಯದು ಜಾರಿ ಠಣ್ಣೆಂದು ಬಿತ್ತು. ಮೇಡಂ ಒಂದು ಹೆಜ್ಜೆ ಮುಂದೆ ಬಂದರು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗೋಡೆಯ ಆಚೆ ಎಲ್ಲೋ ಒಂದು ಮಗು ಅಳುತ್ತಿತ್ತು, ನಡುನಡುವೆ ಯಾರೋ ಅದನ್ನು ಸಮಾಧಾನ ಮಾಡುತ್ತಿದ್ದರು.

ಸಿಡಿದರೆ ಸಿಡಿಯಿತು, ಹೇಳಲು ಮಾತಿದೆಯಲ್ಲ: ತುಂಬಾ ಹಳೇದಾಗಿತ್ತು ಮೇಡಂ, ಅಲಗು ಮೊದಲೇ ಬಿರುಕು ಬಿಟ್ಟಿತ್ತು. ಆ ಮಾತು ಅವನ ನಾಲಿಗೆಯ ತುದಿಯಲ್ಲಿ ಆಗಲೇ ಬಂದು ಕೂತಿತ್ತು. ಅದು ಅಷ್ಟು ಬೇಗ ಸಿದ್ಧವಾಗಿ ಕೂತದ್ದನ್ನು ಕಂಡು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಥೂ, ಎಂಥ ಮನುಷ್ಯ ನಾನು ಅನ್ನಿಸಿತು.

ಚಿಮುಟವನ್ನು ಕಲ್ಲಿನ ಮೇಲಿಟ್ಟ.

"ಇವಳೇ, ಬಾ. ನೀನು ಮಾಡು."

ಅವಳು ಕದಲಲಿಲ್ಲ. ಅವನಿಗೆ ಅರ್ಥವಾಯಿತು. ಅಪ್ಪನ ಕಡೆ ತಿರುಗಿದ.

"ಅಪ್ಪಾ, ಈ ಕೆಲಸ ನನಗೆ ಬರಲ್ಲ. ಯಾವತ್ತೂ ಬಂದಿಲ್ಲ. ಹದಿನೇಳು ವರ್ಷದಿಂದ ಎಲ್ಲಾ ತಕ್ಕಡೀನೂ ನಿಮ್ಮ ಸೊಸೇನೇ ಮಾಡಿದ್ದು. ನಾನು ಎತ್ತಿಕೊಂಡು ಬಂದು ನಿಮ್ಮ ಮುಂದೆ ಇಡ್ತಿದ್ದೆ, ಅಷ್ಟೇ."

ದೊಡ್ಡ ಯಜಮಾನರ ಮುಖ ಮೊದಲು ನಗಲು ಹೊರಟಿತು, ಆಮೇಲೆ ನಿಂತಿತು. ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಮನೆಗೆ ನಡಿ. ಈ ಮಾತೆಲ್ಲ ಮನೇಲಿ. ಪರರ ಎದುರಿಗೆ ನನ್ನ ಮರ್ಯಾದೆ ಕಳೀಬೇಡ."

"ಮತ್ತೆ ನನ್ನ ತಕ್ಕಡಿ?" ಎಂದರು ಮೇಡಂ. "ಬಿಚ್ಚಿಟ್ಟು ಹೋಗ್ತೀರಾ?"

ಅಷ್ಟು ಹೊತ್ತಿಗೆ ಸೊಸೆ ಮುಂದೆ ಬಂದಿದ್ದಳು. ಮೂಲೆಯ ನಲ್ಲಿಯಲ್ಲಿ ಕೈ ತೊಳೆದು ಒರೆಸಿದಳು. ಈ ಸಲ ಬಳೆಗೆ ಬಟ್ಟೆ ಸುತ್ತಲಿಲ್ಲ. ಒಂದೊಂದನ್ನೇ ಕಳಚಿ, "ಹಿಡ್ಕೊಳ್ಳಿ" ಎಂದು ಗಂಡನ ಕೈಗೆ ಕೊಟ್ಟಳು. ಆಮೇಲೆ ಚಿಮುಟ ಎತ್ತಿಕೊಂಡಳು.

ದಂಡ ಗೂಡಿನಿಂದ ಹೊರಗೆ ಬಂತು, ಸದ್ದಿಲ್ಲದೆ ಮೆತ್ತನೆಯ ಚರ್ಮದ ತುಂಡಿನ ಮೇಲೆ ಕೂತಿತು. ಅಲಗಿನ ಕೆಳಗೆ ಸಿಕ್ಕಿಕೊಂಡಿದ್ದ ಕಣ್ಣಿಗೆ ಕಾಣದಂಥ ಎಳೆಯೊಂದನ್ನು ಅವಳು ಹುಡುಕುತ್ತಿದ್ದಳು. ಮೇಡಂ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಸದ್ದು, ಸಣ್ಣಗೆ, ಬಿಡದೆ: ಕಿಣಿ ಕಿಣಿ ಕಿಣಿ.

"ಏನದು?" ಎಂದರು ಅಪ್ಪ. ದನಿಯಲ್ಲಿ ಇನ್ನೂ ಕೋಪವಿತ್ತು.

"ಬಳೆ, ಅಪ್ಪ. ನನ್ನ ಕೈಲಿದೆ."

"ಸುಮ್ನೆ ಹಿಡ್ಕೊಳ್ಳೋಕೇನು?"

"ಸುಮ್ನೇ ಹಿಡ್ಕೊಂಡಿದೀನಿ. ಕೈ ನಡುಗುತ್ತೆ."

"ನನ್ನ ಹೆದರಿಕೆಗಾ?"

"ಅಲ್ಲ. ಚಿಕ್ಕಂದಿನಿಂದ."

ದೊಡ್ಡ ಯಜಮಾನರು ಗಾಳಿಯಲ್ಲಿ ತಡಕಾಡಿ ಮಗನ ಮಣಿಕಟ್ಟನ್ನು ಹಿಡಿದರು. ತೊಟ್ಟಿಲ ದಿನಗಳ ನಂತರ ಆ ಕೈಯನ್ನು ಅವರು ಹಿಡಿದು ನೋಡಿರಲೇ ಇಲ್ಲ. ಗಟ್ಟಿಯಾಗಿ ಹಿಡಿದರೂ ಬಳೆಗಳು ಸದ್ದು ಮಾಡುತ್ತಲೇ ಇದ್ದವು. ಬಹಳ ಹೊತ್ತು ಬಿಡಲಿಲ್ಲ. "ಹೇಳಬಾರದಿತ್ತೇನೋ?" ಎಂದರು. ಕೇಳಿದ ಮೇಲೆ ತಾವೇ ತಲೆ ತಗ್ಗಿಸಿದರು, ಹೇಳಲು ತಾನೆಲ್ಲಿ ಬಿಟ್ಟಿದ್ದೆ ಎಂದು ಅವರಿಗೂ ಹೊಳೆದಿರಬೇಕು. ಬಳೆಗಳನ್ನು ಮಗನ ಕೈಯಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಮುಕ್ಕಾಲು ಗಂಟೆಯ ಮೇಲೆ ಮುಳ್ಳು ನಟ್ಟನಡುವೆ ಬಂದು ನಿಂತಿತು.

ಮೇಡಂ ಹೊಸ ಕಾರ್ಡು ತುಂಬಿ, ರೂಢಿಯಂತೆ ಚಿಕ್ಕ ಯಜಮಾನನ ಕಡೆ ಚಾಚಿದರು. ಅವನು ಹೆಂಡತಿಯತ್ತ ತೋರಿಸಿದ. ಅವಳು ಪೆನ್ನು ತೆಗೆದುಕೊಂಡು, ಒಂದು ಕ್ಷಣವೂ ನಿಲ್ಲದೆ, ಸರಸರನೆ ಸಹಿ ಹಾಕಿಕೊಟ್ಟಳು. ಮೇಡಂ ಅದನ್ನು ನೋಡಿದರು, ಹಳೆಯ ಕಾರ್ಡುಗಳನ್ನು ನೋಡಿದರು. ಅದೇ ಸಹಿ, ಅಚ್ಚು ಹಾಕಿದಂತೆ, ಗಂಡನದು.

"ಇದಲ್ಲ," ಎಂದರು ಮೆಲ್ಲಗೆ, ಇನ್ನೊಂದು ಕಾರ್ಡು ಕೊಡುತ್ತ. "ನಿಮ್ಮದು ಹಾಕಿ."

ಬೆಳಗ್ಗಿನಿಂದ ಒಮ್ಮೆಯೂ ಅಳುಕದ ಕೈ ಅಲ್ಲಿ ನಿಂತುಬಿಟ್ಟಿತು. "ನನ್ನದು ಅಂತ ಒಂದು ಸಹಿ ಇಲ್ಲ ಮೇಡಂ," ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಹೆಸರು ಬರೀರಿ, ಸಾಕು."

ಅವಳು ಬಗ್ಗಿ, ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

"ಏನು ಬರೆದಳೋ?" ಎಂದರು ದೊಡ್ಡ ಯಜಮಾನರು. "ನನಗೆ ಕಾಣಲ್ಲ. ಓದು."

ಅವನು ಕಾರ್ಡು ತೆಗೆದುಕೊಂಡ. ಹದಿನೇಳು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ತಡವರಿಸಿ ಓದಿದ.

"ಸರಿಯಾಗಿ ಕೇಳಿಸಲಿಲ್ಲ," ಎಂದರು ಅಪ್ಪ. ಅವರ ಕಿವಿಗೆ ಕೇಳಿಸದ ಮಾತು ಇನ್ನೂ ಹುಟ್ಟಿರಲಿಲ್ಲ. "ಇನ್ನೊಂದ್ಸಲ ಓದು."

ಅವನು ಇನ್ನೊಂದು ಸಲ ಓದಿದ, ಈ ಸಲ ಹೊರಗಿನ ಕಾರಿಡಾರಿಗೆಲ್ಲ ಕೇಳುವಂತೆ.